ರೆಕ್ಕೆಗಿಂತ ಮೊದಲು ಮೇಜು

ಮನೆಯಲ್ಲೇ ವಿಮಾನ ಕಟ್ಟಲು ಹೊರಟಿದ್ದೇನೆ ಎಂದಾಗ ಬೆಂಗಳೂರಿನ ಬಂಧುಗಳು ಕೇಳುವ ಮೊದಲ ಪ್ರಶ್ನೆ ‘ಅದು ಹಾರುತ್ತದೆಯೇ?’ ಎಂಬುದು. ಇಲ್ಲಿ ಅಮೆರಿಕದ ಮಿನ್ನೆಸೋಟದ ನಮ್ಮ ಬೀದಿಯ ನೆರೆಹೊರೆಯವರು ಕೇಳುವುದು ‘ಹಾಗಾದರೆ ಚಳಿಗಾಲದಲ್ಲಿ ಕಾರು ಎಲ್ಲಿ ನಿಲ್ಲಿಸುತ್ತೀರಿ?’ ಎಂದು. ಎರಡನೆಯದೇ ಹೆಚ್ಚು ತೂಕದ ಪ್ರಶ್ನೆ ಎಂದು ನನಗೀಗ ಅನ್ನಿಸುತ್ತದೆ. ನಾನು ಆರಿಸಿಕೊಂಡಿರುವ, ಜೋಡಿಸಿ ಕಟ್ಟಿಕೊಳ್ಳುವ ಬಿಡಿಭಾಗಗಳ ಕಿಟ್ ಮಾರುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ ಸರಣಿಯ ವಿಮಾನಗಳನ್ನು ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಜನ ಕಟ್ಟಿ ಮುಗಿಸಿದ್ದಾರೆ. ಹಾಗೆ ಹಾರಿದವುಗಳ ಸಂಖ್ಯೆ 11,000ವನ್ನು ಮೀರಿದೆ. ಹಾರುವ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಆರಂಭಿಸಿದವರೆಲ್ಲ ಮುಗಿಸಿಲ್ಲ. ಬಾಲದ ಭಾಗವಷ್ಟೇ ಮುಗಿದ ಕಿಟ್ ಮಾರಾಟಕ್ಕಿದೆ ಎಂಬ ಜಾಹೀರಾತುಗಳಿಗೆ ಈ ವಲಯದಲ್ಲಿ ಬರವೇ ಇಲ್ಲ. ಅಂಥವನ್ನು ಕೊಳ್ಳುವ ಯೋಚನೆಯಿಂದ ನೋಡಲು ಹೋದಾಗ ನನ್ನ ಗಮನ ಬಾಲಕ್ಕಿಂತ ಹೆಚ್ಚಾಗಿ ಅದನ್ನು ಇಟ್ಟಿದ್ದ ಜಾಗದ ಮೇಲೆಯೇ ಹೋಗುತ್ತಿತ್ತು. ಹುಲ್ಲು ಕತ್ತರಿಸುವ ಯಂತ್ರದ ಹಿಂದೆ, ಒಂದೇ ಬಲ್ಬಿನ ಕೆಳಗೆ, ಜನವರಿಯಲ್ಲಿ ಲೋಹವನ್ನು ಬರಿಗೈಯಲ್ಲಿ ಮುಟ್ಟಲಾಗದಂಥ ಷೆಡ್ಡಿನಲ್ಲಿ ಅವು ಕೂತಿರುತ್ತಿದ್ದವು. ಆದ್ದರಿಂದ ಬಾಲದ ಕಿಟ್ಟಿಗೆ ಹಣ ಕಟ್ಟುವ ಮೊದಲೇ ವರ್ಕ್‌ಶಾಪನ್ನು ಅಣಿಗೊಳಿಸಬೇಕೆಂದು ನಿಶ್ಚಯಿಸಿದೆ. ಅದಕ್ಕೆ ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಊಟ ಮುಗಿಸಿ ಎದ್ದ ಮೇಲೆ ಒಂದೇ ಗಂಟೆ ಬಿಡುವಿದ್ದರೂ, ಆ ಗಂಟೆಯ ಬಹುಪಾಲು ವಿಮಾನದ ಕೆಲಸಕ್ಕೇ ಸಲ್ಲಬೇಕು.

ಕೆಲಸದ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. ನಾನು ಕಟ್ಟಲಿರುವುದು ಆರ್‌ವಿ-9ಎ ಎಂಬ ಮಾದರಿ. ಇಬ್ಬರು ಅಕ್ಕಪಕ್ಕ ಕೂರುವ, ಮೂಗಿನ ಗಾಲಿಯುಳ್ಳ, ಆಕಾಶದ ಕಸರತ್ತಿಗಾಗಿ ಅಲ್ಲ, ದೂರದ ಪ್ರಯಾಣಕ್ಕೆಂದೇ ರೂಪಿಸಿದ ಅಲ್ಯೂಮಿನಿಯಮ್ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ 28 ಅಡಿ, ಉದ್ದ 20 ಅಡಿ ಚಿಲ್ಲರೆ. ಒರೆಗಾನ್ ರಾಜ್ಯದ ಅರೋರಾದಲ್ಲಿರುವ ಕಂಪನಿ ತಗಡುಗಳನ್ನು ಆಕಾರಕ್ಕೆ ಕತ್ತರಿಸಿ, ಬಾಗಿಸಿ, ತೂತುಗಳನ್ನೂ ಹೊಡೆದು ಕಳುಹಿಸುತ್ತದೆ. ಬಾಲ, ರೆಕ್ಕೆ, ಒಡಲು, ಅಂತಿಮ ಜೋಡಣೆ ಎಂದು ಕಿಟ್ಟನ್ನು ಕಂತುಕಂತಾಗಿ ಕೊಳ್ಳಬಹುದು. ಪ್ರತಿ ತೂತನ್ನೂ ಸರಿಯಾದ ಅಳತೆಗೆ ತಂದು, ಅದರ ಅಂಚಿನ ಮುಳ್ಳನ್ನು ತೆಗೆದು, ತಗಡುಗಳನ್ನು ಒಂದಾಗಿ ಹಿಡಿದಿಡುವ ಮೊಳೆಯಂಥ ರಿವೆಟ್ಟಿನ ತಲೆ ಕೂರುವ ಕುಳಿ ಮಾಡಿ, ಬಣ್ಣದ ಅಸ್ತರು ಹಚ್ಚಿ, ರಿವೆಟ್ ಹೊಡೆಯುವುದು ಕಟ್ಟುವವನ ಪಾಲು. ರಿವೆಟ್‌ಗಳೇ ಹತ್ತು ಸಾವಿರಕ್ಕೂ ಹೆಚ್ಚು. ಸಾಮಾನ್ಯ ಕಿಟ್ಟಿಗೆ 1,500ರಿಂದ 2,000 ಗಂಟೆ ಹಿಡಿಯುತ್ತದೆ ಎಂಬುದು ಅನುಭವಿಗಳ ಅಂದಾಜು. ವಾರಕ್ಕೆ ಹತ್ತು ಗಂಟೆ ತಪ್ಪದೆ ದುಡಿದರೆ ಮೂರು ನಾಲ್ಕು ವರ್ಷ. ವಾರಕ್ಕೆ ನಾಲ್ಕೇ ಗಂಟೆ ಸಿಕ್ಕರೆ ಹತ್ತು ವರ್ಷದ ಹತ್ತಿರಕ್ಕೆ ಹೋಗುತ್ತದೆ. ವಿಮಾನ ಮುಗಿಯುವುದೂ ಮುಗಿಯದಿರುವುದೂ ಬಹುಮಟ್ಟಿಗೆ ಈ ವಾರದ ಲೆಕ್ಕದಲ್ಲೇ ತೀರ್ಮಾನವಾಗುತ್ತದೆ.

ಕಾನೂನಿನ ಮಾತು ಚಿಕ್ಕದು. ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಇಂಥ ವಿಮಾನಗಳನ್ನು ಪ್ರಾಯೋಗಿಕ ವರ್ಗದಲ್ಲಿ ನೋಂದಾಯಿಸುತ್ತದೆ. ಕೆಲಸದ ಬಹುಭಾಗವನ್ನು ಹವ್ಯಾಸಿಯೇ ತನ್ನ ಕಲಿಕೆಗಾಗಿಯೋ ಸಂತೋಷಕ್ಕಾಗಿಯೋ ಮಾಡಿರಬೇಕು ಎಂಬುದು ನಿಯಮ. ಬಳಕೆಯಲ್ಲಿ ಅದು ‘ಶೇ. 51ರ ನಿಯಮ’ ಎಂದೇ ಹೆಸರಾಗಿದೆ. ಹಾಗೆ ಕಟ್ಟಿದವನು ಮುಂದೆ ತನ್ನ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ಮಾಡಿ ಸಹಿ ಹಾಕುವ ಪ್ರಮಾಣಪತ್ರಕ್ಕೂ ಅರ್ಹನಾಗುತ್ತಾನೆ. ವರ್ಕ್‌ಶಾಪಿಗೂ ಇದಕ್ಕೂ ಸಂಬಂಧವಿದೆ: ಕಟ್ಟಿದ್ದು ನಾನೇ ಎಂದು ತೋರಿಸಲು ಕೆಲಸದ ದಿನಚರಿಯೂ ಚಿತ್ರಗಳೂ ಬೇಕು. ಅದಕ್ಕಾಗಿ ಮೇಜಿನ ಮೇಲ್ಗಡೆ ಒಂದು ಹಳೆಯ ಮೊಬೈಲ್ ಫೋನನ್ನು ಚಾಚು ಕಂಬಿಗೆ ಕಟ್ಟಿದ್ದೇನೆ. ಒಂದು ಗುಂಡಿ ಒತ್ತಿದರೆ ನಾನೂ ನನ್ನ ಕೈಯಲ್ಲಿರುವ ಭಾಗವೂ ಒಟ್ಟಿಗೆ ಚಿತ್ರದಲ್ಲಿ ಬರುತ್ತೇವೆ.

ಜಾಗದ ಆಯ್ಕೆಯಲ್ಲಿ ಎರಡು ದಾರಿಗಳಿದ್ದವು. ಸಣ್ಣ ವಿಮಾನ ನಿಲ್ದಾಣದಲ್ಲಿ ವಿಮಾನ ನಿಲ್ಲಿಸುವ ಷೆಡ್ಡನ್ನು, ಅಂದರೆ ಹ್ಯಾಂಗರನ್ನು, ಬಾಡಿಗೆಗೆ ಹಿಡಿಯುವುದು ಒಂದು. ಮನೆಗೆ ಅಂಟಿಕೊಂಡ ಎರಡು ಕಾರಿನ ಗ್ಯಾರೇಜನ್ನು ತೆರವು ಮಾಡುವುದು ಇನ್ನೊಂದು. ಹ್ಯಾಂಗರಿನಲ್ಲಿ ಜಾಗ ಧಾರಾಳ, ಸದ್ದಿಗೆ ತಕರಾರಿಲ್ಲ, ಕೊನೆಯಲ್ಲಿ ವಿಮಾನವನ್ನು ಸಾಗಿಸುವ ತಲೆನೋವೂ ಇಲ್ಲ. ಆದರೂ ಅದು ಮನೆಯಿಂದ ಅರ್ಧ ಗಂಟೆಯ ದಾರಿ, ಮತ್ತು ಇಲ್ಲಿನ ಬಹುಪಾಲು ಹ್ಯಾಂಗರ್‌ಗಳಿಗೆ ಬಿಸಿಯ ವ್ಯವಸ್ಥೆಯಿಲ್ಲ. ಹೋಗಿಬರಲು ಒಂದು ಗಂಟೆ ಬೇಕಾದ ಜಾಗಕ್ಕೆ ಒಂದು ಗಂಟೆಯ ಕೆಲಸಕ್ಕಾಗಿ ಯಾರೂ ಹೋಗುವುದಿಲ್ಲ. ಶನಿವಾರಕ್ಕೆಂದು ಮುಂದೂಡುತ್ತಾರೆ, ಶನಿವಾರ ಮಗಳ ಈಜಿನ ತರಗತಿ ಬರುತ್ತದೆ. ಗ್ಯಾರೇಜಿಗೆ ಅಡುಗೆಮನೆಯಿಂದ ಒಂದು ಬಾಗಿಲಷ್ಟೇ. ಅಮೆರಿಕದ ಹವ್ಯಾಸಿ ವಿಮಾನ ಕಟ್ಟುವವರ ಸಂಘವಾದ ಇಎಎಯನ್ನು 1953ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಆರಂಭಿಸಿದಂದಿನಿಂದ ಇಂದಿನವರೆಗೆ ಈ ಹವ್ಯಾಸ ಬಹುತೇಕ ಗ್ಯಾರೇಜುಗಳಲ್ಲೇ ಬೆಳೆದುಬಂದಿರುವುದಕ್ಕೆ ಬಡತನವೊಂದೇ ಕಾರಣವಲ್ಲ ಎಂದು ನನ್ನ ನಂಬಿಕೆ.

ನಮ್ಮ ಗ್ಯಾರೇಜ್ 22 ಅಡಿ ಚಚ್ಚೌಕ. ಮುಂದಿನ ಬಾಗಿಲು 16 ಅಡಿ ಅಗಲ, 7 ಅಡಿ ಎತ್ತರ. ಇದು ಸಾಲುವುದೇ ಎಂದು ನೋಡಲು ಕಾಗದದ ಮೇಲೆ ಲೆಕ್ಕ ಹಾಕಿದರೆ ಸಾಕಾಗದು. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಒಡಲಿನ ಆಕಾರವನ್ನು ಬಿಡಿಸಿದೆ. ರೆಕ್ಕೆಗಳು ಎಡ ಬಲ ಬೇರೆಬೇರೆಯಾಗಿ ತಯಾರಾಗುತ್ತವೆ. ಮುಗಿದ ಮೇಲೆ ಎರಡನ್ನೂ ಗಾಲಿಯ ತೊಟ್ಟಿಲಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ ಗೋಡೆಗೆ ಸರಿಸಬಹುದು. ಬಾಲದ ಭಾಗಗಳು ಸೂರಿನಿಂದ ತೂಗುಬೀಳುತ್ತವೆ. ಒಡಲು ಎಂಜಿನ್ ಸಹಿತ, ಬಾಲವನ್ನೂ ಪ್ರೊಪೆಲ್ಲರನ್ನೂ ಕಳಚಿದ ಸ್ಥಿತಿಯಲ್ಲಿ, ಉದ್ದಕ್ಕೂ ಹಿಡಿಯುತ್ತದೆ. ರೆಕ್ಕೆ ಕೂಡಿಸುವ ಕೊನೆಯ ಕೆಲಸ ಮಾತ್ರ ಹ್ಯಾಂಗರಿನಲ್ಲೇ ಆಗಬೇಕು.

ಇಲ್ಲಿ ಹೊರದಾರಿಯ ಮಾತು ಬರುತ್ತದೆ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಆಸನದ ವಿಮಾನ ಕಟ್ಟಿದ್ದು ಅನೇಕರಿಗೆ ಗೊತ್ತಿರಬಹುದು. 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನಕ್ಕೆ ಅದನ್ನು ಒಯ್ಯಲು ಬಿಡಿಬಿಡಿಯಾಗಿ ಕಳಚಿ ಕ್ರೇನಿನಿಂದ ಕೆಳಗಿಳಿಸಬೇಕಾಯಿತು. 2017ರಲ್ಲಿ ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಅದಕ್ಕೆ ನೋಂದಣಿ ನೀಡಿತು. ಹದಿನಾರು ಅಡಿಯ ಬಾಗಿಲಿರುವ ನಾನು ಆ ಸಾಹಸವನ್ನು ನೆನೆದಾಗಲೆಲ್ಲ ದೂರುವ ಹಕ್ಕನ್ನು ಕಳೆದುಕೊಳ್ಳುತ್ತೇನೆ. ನಗರದ ಮನೆಯಲ್ಲಿ ಮೂರಡಿ ಬಾಗಿಲಿನ ಒಳಗಿನ ಕೋಣೆಯನ್ನೇ ವರ್ಕ್‌ಶಾಪ್ ಮಾಡಿಕೊಳ್ಳಬೇಕಾದವರು ಬಾಲವನ್ನೂ ರೆಕ್ಕೆಯ ಪಕ್ಕೆಲುಬುಗಳನ್ನೂ ಅಲ್ಲೇ ಸಿದ್ಧಪಡಿಸಿಕೊಂಡು ದೊಡ್ಡ ಜೋಡಣೆಗೆ ಬೇರೆ ಜಾಗ ನೋಡಬಹುದು. ಯಾವ ಭಾಗ ಯಾವ ಬಾಗಿಲಿನಿಂದ ಹೊರಗೆ ಬರುತ್ತದೆ ಎಂಬುದನ್ನು ಮಾತ್ರ ಮೊದಲೇ ಅಳೆದಿಟ್ಟುಕೊಳ್ಳಬೇಕು.

ಇನ್ನು ಕಾರಿನ ಪ್ರಶ್ನೆ. ಒಂದು ಕಾರನ್ನು ಒಳಗೆ ಬಿಟ್ಟು ಅರ್ಧ ಗ್ಯಾರೇಜಿನಲ್ಲಿ ಬಾಲವನ್ನು ಕಟ್ಟಬಹುದು. ಬೆಚ್ಚಗಿನ ರಾಜ್ಯಗಳಲ್ಲಿ ಎಷ್ಟೋ ಜನ ಹಾಗೆಯೇ ಮಾಡುತ್ತಾರೆ. ಮಿನ್ನೆಸೋಟದಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಕಾರಿನ ಅಡಿಗೆ ಅಂಟಿದ ಉಪ್ಪಿನ ಕೆಸರುಮಂಜು ಗ್ಯಾರೇಜಿನ ಬಿಸಿಗೆ ಕರಗಿ, ನೆಲವೆಲ್ಲ ಹರಡಿ, ಒಣಗಿ ಪುಡಿಯಾಗುತ್ತದೆ. ಬರಿಯ ಅಲ್ಯೂಮಿನಿಯಮ್ ತಗಡುಗಳಿಗೆ ಅದಕ್ಕಿಂತ ಕೆಟ್ಟ ನೆರೆ ಇಲ್ಲ. ಹೀಗಾಗಿ ಎರಡೂ ಕಾರುಗಳು ಹೊರಗೆ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಬೆಳಗುಗಳಲ್ಲಿ ಗಾಜಿನ ಮೇಲಿನ ಮಂಜನ್ನು ಕೆರೆಯುವುದು ಯಾವ ದಾಂಪತ್ಯಕ್ಕೂ ಒಳ್ಳೆಯದಲ್ಲವಾದ್ದರಿಂದ, ಹೆಂಡತಿಯ ಕಾರಿಗೆ ಮನೆಯೊಳಗಿಂದಲೇ ಎಂಜಿನ್ ಚಾಲೂ ಮಾಡುವ ಸಾಧನವನ್ನು ಹಾಕಿಸಿದೆ. ಅದರ ಬಿಲ್ಲನ್ನು ವಿಮಾನದ ಖರ್ಚಿನ ಪುಸ್ತಕದಲ್ಲೇ, ‘ವರ್ಕ್‌ಶಾಪ್’ ಎಂಬ ತಲೆಬರಹದ ಕೆಳಗೆ ಬರೆದಿದ್ದೇನೆ.

ಬಿಸಿಯ ವಿಷಯದಲ್ಲಿ ಯೋಚಿಸಬೇಕಾದ್ದು ಬಹಳ. ಬರೀ ಕೈ ಬೆಚ್ಚಗಿರಲಿ ಎಂದಲ್ಲ. ಅಸ್ತರಿನ ಬಣ್ಣವೂ ಮುಂದೆ ಇಂಧನದ ತೊಟ್ಟಿಗೆ ಹಚ್ಚುವ ಸೀಲೆಂಟ್ ಕೂಡ ಚಳಿಯಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ತಣ್ಣಗಿನ ತಗಡಿನ ಮೇಲೆ ಬೆಚ್ಚಗಿನ ತೇವದ ಗಾಳಿ ಬಿದ್ದರೆ ನೀರು ಕೂರುತ್ತದೆ. ಆದ್ದರಿಂದ ಗೋಡೆಗಳಿಗೂ ಸೂರಿಗೂ ನಿರೋಧಕ ಹೊದಿಕೆ ತುಂಬಿಸಿ, ಬಾಗಿಲಿನ ಸುತ್ತಲ ರಬ್ಬರ್ ಪಟ್ಟಿಗಳನ್ನು ಬದಲಿಸಿ, ಕೆಲಸವಿಲ್ಲದಾಗಲೂ ಒಳಗೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಮಾಡಿಕೊಂಡೆ. ಕೆಲಸಕ್ಕೆ ಇಳಿಯುವ ಮುನ್ನ ಫೋನಿನಿಂದ 18ಕ್ಕೆ ಏರಿಸುತ್ತೇನೆ. ಊಟ ಮುಗಿಯುವಷ್ಟರಲ್ಲಿ ಗ್ಯಾರೇಜ್ ಸಿದ್ಧ. ಅನಿಲದ ಹೀಟರ್ ಅಗ್ಗವಾಗಿ ಸಿಗುತ್ತಿತ್ತು. ಆದರೆ ತಗಡನ್ನು ಒರೆಸುವ ಅಸಿಟೋನ್, ಎಂಇಕೆ ಮೊದಲಾದ ದ್ರಾವಕಗಳ ಆವಿ ಗಾಳಿಗಿಂತ ಭಾರವಾದುದು, ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ತೆರೆದ ಜ್ವಾಲೆಯಿರುವ ಯಾವುದೂ ಅದರ ಸಮೀಪದಲ್ಲಿ ಇರಕೂಡದು. ಸೂರಿನ ಹತ್ತಿರ ತೂಗುಹಾಕಿದ 5 ಕಿಲೋವಾಟ್‌ನ ವಿದ್ಯುತ್ ಹೀಟರನ್ನೇ ಆಯ್ದುಕೊಂಡೆ. ಅದು ವಿದ್ಯುತ್ ಸಾಧನವಾದರೂ ಕಿಡಿಯ ಭಯ ಪೂರ್ತಿ ಇಲ್ಲದಿಲ್ಲ. ದ್ರಾವಕ ತೆರೆದಿರುವಾಗ ಅದನ್ನು ಆರಿಸಿ, ಬಾಗಿಲನ್ನು ಒಂದಡಿ ಎತ್ತಿಡುವುದು ನಮ್ಮ ವರ್ಕ್‌ಶಾಪಿನ ಕಟ್ಟಳೆ.

240 ವೋಲ್ಟ್‌ನಲ್ಲಿ 5 ಕಿಲೋವಾಟ್ ಎಂದರೆ ಸುಮಾರು 21 ಆಂಪಿಯರ್. ಅದಕ್ಕೇ 30 ಆಂಪಿಯರಿನ ಪ್ರತ್ಯೇಕ ಸರ್ಕಿಟ್ ಬೇಕು. ಉಪಕರಣಗಳಿಗೆ ಒತ್ತಡದ ಗಾಳಿ ಒದಗಿಸುವ ಕಂಪ್ರೆಸರಿಗೆ ಇನ್ನೊಂದು. ಇಲ್ಲಿನ ಗ್ಯಾರೇಜುಗಳಿಗೆ ಮನೆ ಕಟ್ಟುವವರು ಕೊಡುವುದು ಬಾಗಿಲಿನ ಮೋಟಾರಿಗೊಂದು, ಗೋಡೆಗೊಂದು ಪ್ಲಗ್, ಅಷ್ಟೆ. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಗ್ಯಾರೇಜಿಗೇ ಒಂದು ಉಪಫಲಕ ಹಾಕಿಸಿದೆ. ಪ್ಲಗ್ಗುಗಳನ್ನು ಮೇಜಿನ ಎತ್ತರಕ್ಕಿಂತ ಮೇಲೆ, ನಾಲ್ಕು ನಾಲ್ಕು ಅಡಿಗೊಂದರಂತೆ ಇರಿಸಿದ್ದರಿಂದ ನೆಲದ ಮೇಲೆ ಎಲ್ಲೂ ವೈರು ಹರಿಯುವುದಿಲ್ಲ. ಗ್ಯಾರೇಜಿನೊಳಗೆ ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿದ ಕೆಲಸ ಇದೊಂದೇ.

ಮೇಜಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯ ಸುತ್ತಲಿನವರ ಇಎಎ 1000ನೇ ಶಾಖೆ ವರ್ಷಗಳ ಹಿಂದೆ ಎರಡಡಿ ಅಗಲ, ಐದಡಿ ಉದ್ದದ ಒಂದು ಸಾದಾ ಮರದ ಮೇಜಿನ ನಕ್ಷೆಯನ್ನು ಹಂಚಿತು. ಇಂದು ಆರ್‌ವಿ ಕಟ್ಟುವವರ ಗ್ಯಾರೇಜುಗಳಲ್ಲಿ ಬಹುಶಃ ಅತಿ ಹೆಚ್ಚು ಕಾಣಸಿಗುವ ಪೀಠೋಪಕರಣ ಅದೇ. ಅಳತೆಯ ಹಿಂದೆ ಬುದ್ಧಿವಂತಿಕೆಯಿದೆ. ಎರಡಡಿ ಅಗಲದ ಮೇಜಿನಲ್ಲಿ ಎರಡೂ ಬದಿಯಿಂದ ಕೈ ಮಧ್ಯಕ್ಕೆ ತಲುಪುತ್ತದೆ. ಎರಡು ಮೇಜುಗಳನ್ನು ತಲೆಗೆ ತಲೆ ಸೇರಿಸಿದರೆ ಹತ್ತಡಿಯ ಕೆಲಸದ ಬಯಲು, ಅಕ್ಕಪಕ್ಕ ಸೇರಿಸಿದರೆ ಅಗಲವಾದ ತಗಡಿಗೆ ಆಸರೆ, ಬೇಡವಾದಾಗ ಗೋಡೆಯ ಪಕ್ಕಕ್ಕೆ. ಅಂಗಡಿಯ ದೊಡ್ಡ ಮೇಜೊಂದನ್ನು ಮಧ್ಯದಲ್ಲಿ ಸ್ಥಾಪಿಸಿದವರು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಇರಬೇಕಾಗುತ್ತದೆ.

ಅಂಥ ಎರಡನ್ನು ಪೈನ್ ಮರದ ಚೌಕಟ್ಟು, ದಪ್ಪ ಎಂಡಿಎಫ್ ಹಲಗೆಯ ಮೇಲ್ಮೈ ಹಾಕಿ ಕಟ್ಟಿದೆ. ಎತ್ತರ 36 ಇಂಚು, ಎಂದರೆ ಬಗ್ಗದೆ ನಿಂತು ತೂತುಗಳ ಮುಳ್ಳು ತೆಗೆಯುವಷ್ಟು. ನನಗಿಂತ ಕುಳ್ಳಗಿರುವವರು ಎರಡು ಇಂಚು ಇಳಿಸಿಕೊಳ್ಳುವುದು ಲೇಸು. ಬೆನ್ನುನೋವು ಬಂದರೆ ಸಂಜೆಯ ಗಂಟೆ ಹೋದಂತೆಯೇ.

ಗಾಲಿ ಹಾಕಿದ ಮೇಲೆ ಶುರುವಾಯಿತು ನೆಲದ ಕಥೆ. ಕರಗಿದ ಮಂಜೂ ನೀರೂ ಹೊರಗೆ ಹರಿಯಲೆಂದು ಇಲ್ಲಿನ ಗ್ಯಾರೇಜುಗಳ ನೆಲವನ್ನು ಬಾಗಿಲ ಕಡೆಗೆ ಓರೆಯಾಗಿಯೇ ಹಾಕಿರುತ್ತಾರೆ. ಅಡಿಗೆ 1/8 ಇಂಚು ಇಳಿದರೂ ಹತ್ತಡಿಯ ಮೇಜಿನ ಎರಡು ತುದಿಗಳ ನಡುವೆ ಒಂದೂಕಾಲು ಇಂಚಿನ ವ್ಯತ್ಯಾಸ ಬೀಳುತ್ತದೆ. ಇಳಿಜಾರೊಂದೇ ಇದ್ದರೆ ಹಾನಿಯಿಲ್ಲ. ಎರಡು ಮೇಜುಗಳ ಇಳಿಜಾರು ಒಂದೇ ರೀತಿ ಇಲ್ಲದೆ ಹಲಗೆ ತಿರುಚಿಕೊಂಡರೆ ಅಪಾಯ. ಬಾಲದಲ್ಲಿ ತಿರುಗಿ ವಿಮಾನದ ದಿಕ್ಕನ್ನು ಬದಲಿಸುವ ರಡ್ಡರು, ಎಲಿವೇಟರುಗಳ ತಗಡು ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪದ್ದು. ರಿವೆಟ್ ಬೀಳುವವರೆಗೆ ತೂತಿನಲ್ಲಿ ಸಿಕ್ಕಿಸುವ ಸ್ಪ್ರಿಂಗ್ ಪಿನ್ನುಗಳಾದ ಕ್ಲೆಕೊ ಹಾಕಿ ಹಿಡಿದಿಟ್ಟಾಗ ಅದು ಮೇಜಿನ ತಿರುಚನ್ನು ಪ್ರಶ್ನಿಸದೆ ಒಪ್ಪಿಕೊಳ್ಳುತ್ತದೆ, ರಿವೆಟ್ ಬಿದ್ದ ಮೇಲೆ ಆ ತಿರುಚು ಶಾಶ್ವತ. ತಿರುಚಿದ ಎಲಿವೇಟರ್ ವಿಮಾನವನ್ನು ಆಯುಷ್ಯಪೂರ್ತಿ ಒಂದು ಕಡೆ ಎಳೆಯುತ್ತಿರುತ್ತದೆ. ಆದ್ದರಿಂದ ಪ್ರತಿ ಕಾಲಿನ ತಳಕ್ಕೂ ತಿರುಪಿನ ಪಾದವೊಂದನ್ನು ಸೇರಿಸಿದೆ. ಮೇಜನ್ನು ಸರಿಸಿದ ಮೇಲೆ ಪಾದಗಳನ್ನು ಇಳಿಸಿ ಗಾಲಿಯ ಮೇಲಿನ ಭಾರ ತೆಗೆಯುವುದು, ಡಿಜಿಟಲ್ ಮಟ್ಟಗೋಲಿನಿಂದ ನಾಲ್ಕು ಮೂಲೆಗಳನ್ನೂ ನೋಡುವುದು, ಮೂಲೆಯಿಂದ ಎದುರು ಮೂಲೆಗೆ ದಾರ ಎಳೆದು ಎರಡು ದಾರಗಳು ಮಧ್ಯದಲ್ಲಿ ತಾಗಿಯೂ ತಾಗದಂತಿವೆಯೇ ಎಂದು ಪರೀಕ್ಷಿಸುವುದು, ಇಷ್ಟು ಅಭ್ಯಾಸವಾದ ಮೇಲೆ ಐದು ನಿಮಿಷದ ಕೆಲಸ. ನೆಲದಲ್ಲಿ ಪಾದಗಳು ಕೂರುವ ಜಾಗಗಳಿಗೆ ಬಣ್ಣದ ಗುರುತು ಹಾಕಿ, ತಿರುಪು ಎಷ್ಟು ಸುತ್ತು ಇಳಿದಿರಬೇಕು ಎಂದು ಪಕ್ಕದಲ್ಲೇ ಬರೆದಿದ್ದರಿಂದ ಅದೂ ಎರಡು ನಿಮಿಷಕ್ಕೆ ಇಳಿಯಿತು. ಉಳಿದ ನೆಲಕ್ಕೆ ತಿಳಿ ಬೂದುಬಣ್ಣದ ಎಪಾಕ್ಸಿ. ಅಂದಕ್ಕಾಗಿ ಹಚ್ಚಿದ್ದಲ್ಲ, ಎರಡು ಮಿಲಿಮೀಟರ್ ಚಿಲ್ಲರೆಯ ರಿವೆಟ್ ಕೈಜಾರಿ ಬಿದ್ದರೆ ಕಪ್ಪು ಸಿಮೆಂಟಿನ ಮೇಲೆ ಅದು ಸಿಗುವುದಿಲ್ಲ.

ಬೆಳಕಿನ ಸಲಹೆ ನನಗೆ ಸಿಕ್ಕಿದ್ದು ಬೆಂಗಳೂರಿನ ವಿಮಾನಪುರದಿಂದ. ಎಚ್‌ಎಎಲ್‌ನಲ್ಲಿ ತಗಡಿನ ಕೆಲಸದ ವಿಭಾಗದಲ್ಲೇ ನಿವೃತ್ತರಾದ ದೊಡ್ಡಪ್ಪ, ಸೂರಿನ ತುಂಬ ಎಲ್‌ಇಡಿ ಪಟ್ಟಿಗಳನ್ನು ಹಾಕಿದ ನನ್ನ ಗ್ಯಾರೇಜನ್ನು ವಿಡಿಯೊ ಕರೆಯಲ್ಲಿ ನೋಡಿ, ‘ಇದು ಮದುವೆ ಛತ್ರದ ಬೆಳಕು’ ಎಂದುಬಿಟ್ಟರು. ಮೇಲಿನಿಂದ ಸಮನಾಗಿ ಬೀಳುವ ಬೆಳಕಿನಲ್ಲಿ ತಗಡಿನ ಮೇಲಿನ ತಗ್ಗು, ಅರೆಬರೆ ಕೂತ ರಿವೆಟ್, ಗೀರು ಯಾವುದೂ ಕಾಣಿಸುವುದಿಲ್ಲ. ಪಕ್ಕದಿಂದ, ತಗಡಿನ ಮೈಯನ್ನು ಸವರುವಷ್ಟು ಓರೆಯಾಗಿ ಬೆಳಕು ಬಿಟ್ಟರೆ ಪ್ರತಿಯೊಂದು ತಗ್ಗಿಗೂ ನೆರಳು ಹುಟ್ಟುತ್ತದೆ. ಸೂರಿನ ದೀಪಗಳನ್ನು ಹಾಗೇ ಉಳಿಸಿಕೊಂಡು, ಗೋಡೆಯ ಉದ್ದಕ್ಕೆ ಎದೆಮಟ್ಟದಲ್ಲಿ ಇನ್ನೊಂದು ಸಾಲನ್ನೂ ಆಯಸ್ಕಾಂತದ ಬುಡವಿರುವ ಎರಡು ಬಾಗುದೀಪಗಳನ್ನೂ ಸೇರಿಸಿದೆ. ಹೊಡೆದ ರಿವೆಟ್‌ನ ಹಿಂದಿನ ತಲೆ ಕಡ್ಡಿಯ ವ್ಯಾಸದ ಒಂದೂವರೆಯಷ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು. 3/32 ಇಂಚಿನ ರಿವೆಟ್‌ನಲ್ಲಿ ಇದು ಮೂರೂವರೆ ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ಚಿಲ್ಲರೆ ಎತ್ತರ. ಓರೆ ಬೆಳಕಿನಲ್ಲಿ ಕಣ್ಣೇ ಅದನ್ನು ಅಳೆಯಲು ಕಲಿಯುತ್ತದೆ, ಗೇಜನ್ನು ಖಚಿತಪಡಿಸಿಕೊಳ್ಳಲಷ್ಟೇ ಬಳಸಿದರೆ ಸಾಕು.

ಉಪಕರಣಗಳನ್ನು ಜೋಡಿಸಿಟ್ಟ ರೀತಿಯೂ ಅವರದೇ ಉಪದೇಶ. ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಬಣ್ಣದಲ್ಲಿ ಬಿಡಿಸಿ, ಅದರ ಮೇಲೆಯೇ ಉಪಕರಣವನ್ನು ತೂಗುಹಾಕುವುದು. ವಿಮಾನ ಕಾರ್ಖಾನೆಗಳಲ್ಲಿ ಇದು ವಾಡಿಕೆ. ಪಾಳಿ ಮುಗಿದಾಗ ಖಾಲಿ ಆಕಾರ ಕಂಡರೆ ಆ ಉಪಕರಣ ಯಾವುದೋ ರೆಕ್ಕೆಯ ಒಳಗೆ ಉಳಿದಿದೆ ಎಂದು ಅರ್ಥ, ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಮನೆಯ ವರ್ಕ್‌ಶಾಪಿನಲ್ಲಿ ಇದರ ಇನ್ನೊಂದು ಲಾಭ, ಹುಡುಕಾಟಕ್ಕೆ ಸಮಯ ಹೋಗದಿರುವುದು. ಕ್ಲೆಕೊಗಳಿಗೆ ಬಣ್ಣದ ಸಂಕೇತ ಮೊದಲಿನಿಂದಲೂ ಇದೆ: 3/32 ಇಂಚಿಗೆ ಬೆಳ್ಳಿ, 1/8 ಇಂಚಿಗೆ ತಾಮ್ರ. ಅವನ್ನು ಮೇಜಿನ ಅಂಚಿಗೆ ಮೊಳೆಹೊಡೆದ ರಂಧ್ರಗಳ ಪಟ್ಟಿಯಲ್ಲಿ ಸಿಕ್ಕಿಸಿಡುತ್ತೇನೆ. ಬೆಳ್ಳಿಯವು ನಾಲ್ಕೈದು ನೂರಾದರೂ ಇರಬೇಕು. ಕಡಿಮೆ ಇದ್ದರೆ ಒಂದು ಭಾಗದಿಂದ ಕಿತ್ತು ಇನ್ನೊಂದಕ್ಕೆ ಹಾಕುವುದರಲ್ಲೇ ರಾತ್ರಿಯಾಗುತ್ತದೆ.

ಈ ವರ್ಕ್‌ಶಾಪಿನೊಳಗೆ ಪೆನ್ಸಿಲಿಗೆ ಪ್ರವೇಶವಿಲ್ಲ. ಸೀಸದ ಕಡ್ಡಿ ಎಂದು ನಾವು ಕರೆಯುವುದು ನಿಜದಲ್ಲಿ ಗ್ರಾಫೈಟ್. ಅಲ್ಯೂಮಿನಿಯಮ್ ಮೇಲೆ ಅದರ ಗೆರೆ ಉಳಿದು ತೇವ ತಾಗಿದರೆ ಎರಡರ ನಡುವೆ ಸಣ್ಣದೊಂದು ವಿದ್ಯುತ್ ಕೋಶವೇ ಹುಟ್ಟಿ ಗೆರೆಯುದ್ದಕ್ಕೂ ಲೋಹವನ್ನು ತಿನ್ನುತ್ತದೆ. ಗುರುತಿಗೆಲ್ಲ ಶಾಯಿಯ ಮಾರ್ಕರ್. ಬಡಗಿಯಂತೆ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಬರುವ ಗೆಳೆಯರನ್ನು ಬಾಗಿಲಲ್ಲೇ ತಡೆಯಬೇಕಾಗುತ್ತದೆ. ಅದೇ ರೀತಿ ಉಕ್ಕನ್ನು ಉಜ್ಜಿದ ಸ್ಕಾಚ್‌ಬ್ರೈಟ್ ಚಕ್ರದಲ್ಲಿ ಅಲ್ಯೂಮಿನಿಯಮ್ ಅಂಚನ್ನು ಉಜ್ಜುವಂತಿಲ್ಲ, ಕಬ್ಬಿಣದ ಕಣಗಳು ಮೃದು ಲೋಹದಲ್ಲಿ ಹೂತುಕೊಳ್ಳುತ್ತವೆ. ಬೆಂಚ್ ಗ್ರೈಂಡರಿನ ಒಂದು ಬದಿಯ ಚಕ್ರದ ಮೇಲೆ ‘ಅಲ್ಯೂಮಿನಿಯಮ್ ಮಾತ್ರ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ. ಕನ್ನಡದ ಬರಹವನ್ನು ಓದುವವರು ಮನೆಯಲ್ಲಿ ಮೂವರೇ, ಆದರೂ ಇರಲಿ.

ಗಾಳಿಯ ವ್ಯವಸ್ಥೆಗೆ 60 ಗ್ಯಾಲನ್ ತೊಟ್ಟಿಯ, ಬೆಲ್ಟಿನಿಂದ ತಿರುಗುವ ಕಂಪ್ರೆಸರನ್ನು ಹಳೆಯದಾಗಿ ಕೊಂಡೆ. ರಿವೆಟ್ ಗನ್ನಿಗೆ ಬೇಕಾಗುವ ಗಾಳಿ ಹೆಚ್ಚಲ್ಲ. ಹೊಟ್ಟೆಬಾಕನೆಂದರೆ ಡೈ ಗ್ರೈಂಡರ್, ಅದರ ನಂತರ ಬಣ್ಣದ ಗನ್. ಎಣ್ಣೆಯಿಲ್ಲದ ಸಣ್ಣ ಕಂಪ್ರೆಸರ್‌ಗಳು ಅಗ್ಗವಾದರೂ ಅವುಗಳ ಕಿರುಚಾಟವನ್ನು ಒಂದು ಕೋಣೆಯಾಚೆ ಮಲಗಿದವರು ಸಹಿಸಲಾರರು. ಗೋಡೆಯುದ್ದಕ್ಕೂ ಗಾಳಿ ಒಯ್ಯಲು ಪಿವಿಸಿ ಕೊಳವೆ ಬಳಸುವವರನ್ನು ಇಲ್ಲಿ ನೋಡಿದ್ದೇನೆ. ಕಾರ್ಮಿಕ ಸುರಕ್ಷಾ ಸಂಸ್ಥೆಯಾದ ಒಷಾ ಅದರ ವಿರುದ್ಧ ಎಚ್ಚರಿಸಿದೆ, ಏಕೆಂದರೆ ಒತ್ತಡದಲ್ಲಿ ಅದು ಒಡೆದರೆ ಚೂರುಗಳು ಸಿಡಿಯುತ್ತವೆ. ಅಲ್ಯೂಮಿನಿಯಮ್ ಒಳಪದರದ ನಳಿಕೆಯನ್ನು ಸ್ವಲ್ಪ ಇಳಿಜಾರಾಗಿ ಎಳೆದು, ಪ್ರತಿ ಕವಲನ್ನೂ ಮುಖ್ಯ ನಳಿಕೆಯ ಮೇಲ್ಭಾಗದಿಂದ ತೆಗೆದು, ಕೊನೆಯಲ್ಲಿ ನೀರು ಬಸಿಯಲು ನಲ್ಲಿ ಇಟ್ಟಿದ್ದೇನೆ. ಬಿಸಿ ಗಾಳಿ ತಣಿದಾಗ ನೀರು ಕೆಳಗೇ ಉಳಿದು, ಮೇಲಿನಿಂದ ಹೊರಟ ಗಾಳಿ ಒಣಗಿರುತ್ತದೆ. ಅಡುಗೆಮನೆಯ ಬಾಗಿಲ ಪಕ್ಕದ ಸ್ವಿಚ್ಚೊಂದು ಕಂಪ್ರೆಸರನ್ನು ಪೂರ್ತಿಯಾಗಿ ಆರಿಸುತ್ತದೆ. ತೊಟ್ಟಿಯ ಗಾಳಿ ಸೋರಿ ನಡುರಾತ್ರಿ ಎರಡು ಗಂಟೆಗೆ ಅದು ತಾನಾಗಿ ಗುಡುಗತೊಡಗಿದರೆ ಮರುದಿನದಿಂದ ವರ್ಕ್‌ಶಾಪಿಗೆ ಮನೆಯ ಬೆಂಬಲ ಇರುವುದಿಲ್ಲ.

ಸದ್ದಿನ ವಿಚಾರ ಬಂತು. ಅಗಲವಾದ ತಗಡಿನ ಮೇಲೆ ರಿವೆಟ್ ಗನ್ ಇಟ್ಟರೆ ಇಡೀ ಭಾಗ ತಮಟೆಯಂತೆ ಮೊಳಗುತ್ತದೆ. ನೆರೆಯವರಿಗೆ ಮೊದಲೇ ಹೇಳಿ, ರಾತ್ರಿ ಎಂಟರ ನಂತರ ಗನ್ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಇದು ತ್ಯಾಗದಂತೆ ಕಂಡರೂ ಅಲ್ಲ. ಮುಳ್ಳು ತೆಗೆಯುವುದು, ಕ್ಲೆಕೊ ಹಾಕುವುದು, ಅಂಚಿನ ರಿವೆಟ್‌ಗಳನ್ನು ಕೈ ಇಕ್ಕಳದಿಂದ ಹಿಸುಕುವುದು, ಇವೆಲ್ಲ ನಿಶ್ಶಬ್ದದ ಕೆಲಸ, ಗಂಟೆಗಳ ಲೆಕ್ಕದಲ್ಲಿ ಇವುಗಳದೇ ದೊಡ್ಡ ಪಾಲು. ಕುಳಿ ಮಾಡುವುದಕ್ಕೆ ಎರಡು ಬಗೆಯ ಸಾಧನಗಳಿವೆ. ಸುತ್ತಿಗೆಯಿಂದ ಬಡಿಯುವ ಸಿ ಆಕಾರದ ಚೌಕಟ್ಟು ಅಗ್ಗ. ಸನ್ನೆಗೋಲಿನಿಂದ ಒತ್ತುವ ಡಿಆರ್‌ಡಿಟಿ-2 ದುಬಾರಿ, ಆದರೆ ಸದ್ದೇ ಇಲ್ಲ. ಉಪಕರಣಗಳಲ್ಲಿ ನಾನು ಧಾರಾಳಿಯಾದದ್ದು ಇದೊಂದರಲ್ಲಿ. ಅದರ ಕೆಳದವಡೆ ಮೇಜಿನ ಮಟ್ಟಕ್ಕೇ ಬರುವಂತೆ ಒಂದು ತಗ್ಗನ್ನು ಕೊರೆದು ಸುತ್ತ ಕಾರ್ಪೆಟ್ ಅಂಟಿಸಿದ್ದರಿಂದ ದೊಡ್ಡ ತಗಡು ಗೀರಿಲ್ಲದೆ ಜಾರುತ್ತದೆ. ಬಾಗಿಲ ಬಳಿ ಕಿವಿಮುಚ್ಚುಗಗಳು ಮೂರು ಜೊತೆ ತೂಗುತ್ತವೆ. ಒಬ್ಬನೇ ಎಟುಕಿಸಿಕೊಳ್ಳಲಾಗದ ರಿವೆಟ್‌ಗಳಿಗೆ ಒಬ್ಬರು ಗನ್ ಹಿಡಿದರೆ ಇನ್ನೊಬ್ಬರು ಹಿಂದಿನಿಂದ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿಹಿಡಿಯಬೇಕು, ಹಾಗೆ ಕರೆದಾಗ ಬರುವವರ ಕಿವಿಯನ್ನು ಕಾಯುವುದು ಕರೆದವನ ಹೊಣೆ.

ಅಸ್ತರು ಹಚ್ಚಬೇಕೆ ಬೇಡವೆ ಎಂಬ ಜಗಳಕ್ಕೆ ಈ ವಲಯದಲ್ಲಿ ದಶಕಗಳ ಇತಿಹಾಸವಿದೆ. ನಾನು ಅದಕ್ಕೆ ಇಳಿಯುವುದಿಲ್ಲ. ತಗಡಿನ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಮ್ ಪದರ ಇದ್ದೇ ಇರುವುದರಿಂದ ಒಣ ನಾಡಿನಲ್ಲಿ ಏನೂ ಹಚ್ಚದವರೂ ನೆಮ್ಮದಿಯಾಗಿ ಹಾರುತ್ತಿದ್ದಾರೆ. ಒಳಭಾಗಗಳಿಗೂ ಒಂದಕ್ಕೊಂದು ತಾಗುವ ಮೈಗಳಿಗೂ ನೀರು ಬೆರೆಸಿ ಬಳಸುವ ಎಪಾಕ್ಸಿ ಅಸ್ತರು ಹಚ್ಚುವುದು ನನ್ನ ತೀರ್ಮಾನ. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಪರದೆ, ಸೋಸುವ ಹಾಸು, ಬೀಸಣಿಗೆ ಇಟ್ಟು, ಬೇಡವಾದಾಗ ಮಡಚಿಡುವ ಗೂಡನ್ನು ಮಾಡಿದ್ದೇನೆ.

ವರ್ಕ್‌ಶಾಪಿಗೂ ಒಂದು ಕಾಯಿಲೆಯುಂಟು. ಕಪಾಟುಗಳಿಗೆ ಬಣ್ಣ, ಡ್ರಾಯರುಗಳಿಗೆ ಫಲಕ, ಇನ್ನೂ ಒಂದು ಯಂತ್ರ, ಹೀಗೆ ಅದು ಸುಂದರವಾಗುತ್ತಲೇ ಹೋಗಿ ವಿಮಾನವನ್ನು ಮರೆಸಿಬಿಡುತ್ತದೆ. ಬಾಲದ ಕಿಟ್ಟಿಗೆ ಬೇಡವಾದ ಯಾವುದನ್ನೂ ಈಗ ಕೊಳ್ಳುವುದಿಲ್ಲ ಎಂಬ ಕಟ್ಟುಪಾಡಿನಿಂದ ಅದನ್ನು ತಡೆದಿದ್ದೇನೆ. ರೆಕ್ಕೆಯ ತೊಟ್ಟಿಲು, ಸೀಲೆಂಟಿನ ಸಾಮಗ್ರಿ, ಎಂಜಿನ್ ಎತ್ತುವ ಸನ್ನೆ, ಎಲ್ಲವೂ ತಮ್ಮ ಸರದಿ ಬಂದಾಗ. ಕಿಟ್ಟನ್ನೂ ಕಂತಿನಲ್ಲೇ ಕೊಳ್ಳುತ್ತೇನೆ. 2023ರ ಡಿಸೆಂಬರಿನಲ್ಲಿ ವ್ಯಾನ್ಸ್ ಕಂಪನಿ ದಿವಾಳಿ ಕಾನೂನಿನ ರಕ್ಷಣೆ ಕೋರಿ, ಮುಂದಿನ ವರ್ಷ ಅದರಿಂದ ಹೊರಬಂದ ಮೇಲಂತೂ ಒಂದೇ ಬಾರಿಗೆ ಎಲ್ಲಕ್ಕೂ ಮುಂಗಡ ಕೊಡುವ ಉತ್ಸಾಹ ಯಾರಲ್ಲೂ ಕಾಣುತ್ತಿಲ್ಲ. ಮನೆಯ ಸಾಮಾನ್ಯ ವಿಮೆಯಲ್ಲಿ ವಿಮಾನವೂ ಅದರ ಭಾಗಗಳೂ ಸೇರುವುದಿಲ್ಲವಾದ್ದರಿಂದ, ಕಟ್ಟುತ್ತಿರುವ ಅವಧಿಗೆಂದೇ ಇರುವ ಬೇರೆ ವಿಮೆಯನ್ನು ಮಾಡಿಸಿದ್ದೇನೆ.

ಕೊನೆಯ ಪರೀಕ್ಷೆಗೆ ಕಂಪನಿಯೇ ಮಾರುವ ಅಭ್ಯಾಸದ ಸಣ್ಣ ಕಿಟ್ಟನ್ನು ತರಿಸಿ, ರೆಕ್ಕೆಯ ತುಂಡಿನಂಥ ಅದನ್ನು ಸಂಜೆಯ ಬಿಡುವಿನಲ್ಲಷ್ಟೇ ಕಟ್ಟಿದೆ. ಡ್ರಿಲ್ ಪ್ರೆಸ್ ಕಂಪ್ರೆಸರಿನ ಪಕ್ಕದಲ್ಲಿದ್ದರೆ ಉದ್ದನೆಯ ಭಾಗ ಗೋಡೆಗೆ ಬಡಿಯುತ್ತದೆ, ಕಸದ ಬುಟ್ಟಿ ಮೇಜಿನ ಎರಡೂ ತುದಿಯಲ್ಲಿ ಬೇಕು, ಎಂಬಂಥ ಸಂಗತಿಗಳು ಬೇರೆ ಯಾವ ದಾರಿಯಿಂದಲೂ ತಿಳಿಯುತ್ತಿರಲಿಲ್ಲ. ಇಎಎ ಶಾಖೆಯ ತಾಂತ್ರಿಕ ಸಲಹೆಗಾರರು ಸದಸ್ಯರ ಮನೆಗೆ ಉಚಿತವಾಗಿ ಬಂದು ಕೆಲಸ ನೋಡುವ ಪದ್ಧತಿಯಿದೆ. ನಮ್ಮಲ್ಲಿಗೆ ಬಂದವರು ಆ ತುಂಡನ್ನು ಓರೆ ಬೆಳಕಿನಲ್ಲಿ ತಿರುಗಿಸಿ ನೋಡಿ, ಎರಡು ರಿವೆಟ್‌ಗಳಿಗೆ ಮಾರ್ಕರಿನಿಂದ ಸುತ್ತು ಹಾಕಿ ತೆಗೆದು ಮತ್ತೆ ಹೊಡೆಯಲು ಹೇಳಿದರು, ಮೇಜಿನ ದಾರಗಳನ್ನು ತಾವೇ ಎಳೆದು ನೋಡಿದರು, ಬೆಂಕಿ ನಂದಿಸುವ ಸಿಲಿಂಡರನ್ನು ಬಣ್ಣದ ಮೂಲೆಯಿಂದ ಹೊರಬಾಗಿಲ ಕಡೆಗೆ ಸ್ಥಳಾಂತರಿಸಲು ಸೂಚಿಸಿದರು. ಸಿಲಿಂಡರಿಗೆ ಹೊಸ ಕೊಕ್ಕೆ ಹೊಡೆದು, ಆ ಎರಡು ರಿವೆಟ್‌ಗಳನ್ನು ಕೊರೆದು ತೆಗೆದು ಮತ್ತೆ ಹಾಕಿದ ಮೇಲೆ ಬಾಲದ ಕಿಟ್ಟಿನ ಆರ್ಡರ್ ಕಳುಹಿಸಿದೆ. ಪೆಟ್ಟಿಗೆ ಬಂದಾಗ ಮಾಡಬೇಕಾದ ಮೊದಲ ಕೆಲಸ, ಪಟ್ಟಿ ಹಿಡಿದು ಪ್ರತಿಯೊಂದು ಭಾಗವನ್ನೂ ಎಣಿಸಿ ಕೊರತೆಯಿದ್ದರೆ ಬೇಗನೆ ತಿಳಿಸುವುದು. ಅದಕ್ಕಾಗಿ ಎಡಗೋಡೆಯ ಕಪಾಟಿನ ಮೂರು ಅರೆಗಳನ್ನೂ ರಿವೆಟ್‌ಗಳ ಅಳತೆ ಬರೆದ ಡಬ್ಬಿಗಳನ್ನೂ ಖಾಲಿ ಇಟ್ಟಿದ್ದೇನೆ.